ಕರಿಹಲಗೆಯ ನಾಲ್ಕನೇ ಪದ

"ಸೋಮವಾರ ಬನ್ನಿ ಆಂಟಿ," ಎಂದ ದಾಫೆ. ಅವನ ಎರಡೂ ಕೈ ನನ್ನ ಜನರೇಟರಿನ ಹೊಟ್ಟೆಯೊಳಗಿದ್ದವು. "ಕಾರ್ಬ್ಯುರೇಟರ್ ಬಿಚ್ಚಿ ತೊಳೀಬೇಕು. ಇವತ್ತಂತೂ ಆಗಲ್ಲ."

"ಸೋಮವಾರದೊಳಗೆ ನನ್ನ ಫ್ರಿಜ್ಜಲ್ಲಿರೋ ಮೀನು ಎದ್ದು ವಾಪಸ್ ನದಿಗೆ ಹೋಗ್ತವೆ ಕಣೋ. ಇವತ್ತೇ ಮಾಡಿಕೊಡು."

"ಆಗಲ್ಲ ಅಂದ್ರೆ ಆಗಲ್ಲ."

ಜನರೇಟರಿಗೆ ಯಾವ ರೋಗವೂ ಇರಲಿಲ್ಲ. ಬೆಳಿಗ್ಗೆ ನಾನೇ ಪ್ಲಗ್ಗಿನ ವೈರು ಸಡಿಲಿಸಿ, ಅದನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಎಫುರುನ್‌ನ ಅವನ ತಗಡಿನ ಶೆಡ್ಡಿಗೆ ಬಂದಿದ್ದೆ. ನನಗೆ ಸೋಮವಾರ ಬೇಡವಾಗಿತ್ತು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಆಟಗಾರ್ತಿ ಎಬಿಯೆರೆಯನ್ನು ಕೋರ್ಟಿಗೆ ಒಯ್ಯುತ್ತಾರೆ, ಅಲ್ಲಿಂದ ಜೈಲಿಗೆ. ನಮ್ಮಲ್ಲಿ ಕೊಲೆ ಆರೋಪ ಹೊತ್ತು ಒಳಗೆ ಹೋದವರ ವಿಚಾರಣೆ ಶುರುವಾಗುವ ಹೊತ್ತಿಗೆ ತಲೆ ನರೆತಿರುತ್ತದೆ. ಆ ಹುಡುಗಿಗೆ ಈಗ ಹತ್ತೊಂಬತ್ತು.

ಗುರುವಾರ ವಾರಿ ಊರಿನಲ್ಲಿ, ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ನಮ್ಮ ಸ್ಕ್ರಾಬಲ್ ಆಟದ ಕ್ಲಬ್ಬಿನಲ್ಲಿ, ಅಭ್ಯಾಸದ ಕೋಣೆಯ ಕುರ್ಚಿಯ ಮೇಲೆ, ಕೋಚ್ ಬ್ರಿಸಿಬೆ ಕೂತ ಹಾಗೇ ಸತ್ತಿದ್ದರು. ಕ್ಲಬ್ಬು ಗೆದ್ದಿದ್ದ ಬಹುಮಾನದ ಕಪ್ಪಿನ ಕಲ್ಲಿನ ಪೀಠದಿಂದ ಯಾರೋ ತಲೆಗೆ ಹೊಡೆದಿದ್ದರು. ಮಧ್ಯಾಹ್ನ ಎರಡಕ್ಕೆ ಬಾಗಿಲು ತೆಗೆದು ನೋಡಿದವಳು ನಾನೇ, ಆ ಕ್ಲಬ್ಬಿನಲ್ಲಿ ಪದ ಸರಿಯೋ ತಪ್ಪೋ ಹೇಳುವ ತೀರ್ಪುಗಾರ್ತಿ ಎಜಿರೊ.

ಕೊಲೆಗಾರ ಬಿಟ್ಟು ಹೋದ ಗುರುತು ಒಂದೇ. ಅದು ಕರಿಹಲಗೆಯ ಮೇಲಿತ್ತು.

ಕೋಚ್ ದಿನಾ ಬೆಳಿಗ್ಗೆ ಹಲಗೆಯ ಮೇಲೆ ಏಳು ಇಂಗ್ಲಿಷ್ ಅಕ್ಷರ ಬರೆದು, ಪಕ್ಕದಲ್ಲಿ ಒಂದು ಅಂಕಿ ಹಾಕುತ್ತಿದ್ದರು. ಆ ಏಳೂ ಅಕ್ಷರ ಬಳಸಿದರೆ ಅಷ್ಟು ಪದ ಸಿಗುತ್ತವೆ ಎಂದು ಅರ್ಥ. ಬಂದವರು ಹುಡುಕಿ ಕೆಳಗೆ ಬರೆಯಬೇಕು. ಒಬ್ಬರಿಗೆ ದಿನಕ್ಕೆ ಒಂದೇ ಪದ. ಎರಡನೆಯದು ಗೊತ್ತಿದ್ದರೂ ನುಂಗಿಕೊಂಡು, ಮುಂದಿನವರಿಗೆ ಬಿಡಬೇಕು. ಹದಿನಾಲ್ಕು ವರ್ಷದಲ್ಲಿ ಆ ಕಟ್ಟಳೆ ಮುರಿದವರಿಲ್ಲ.

ಗುರುವಾರದ ಅಕ್ಷರಗಳು ಎ, ಇ, ಜಿ, ಎಲ್, ಎಲ್, ಆರ್, ವೈ. ಪಕ್ಕದಲ್ಲಿ ನಾಲ್ಕು. ಏಳು ಗಂಟೆಗೆ ಕ್ಲಬ್ಬಿಗೆ ಬಂದಿದ್ದವರು ಮೂವರೇ. ನಾನು 'ಅಲರ್ಜಿ' ಎಂದು ಬರೆದೆ. ನಮ್ಮ ತಂಡದ ನಾಯಕ ತೇಗಾ 'ಗ್ಯಾಲರಿ' ಎಂದು ಬರೆದ. ಎಬಿಯೆರೆ 'ಲಾರ್ಜ್ಲಿ' ಎಂದು ಬರೆದಳು. ಎಂಟಕ್ಕೆ ನಾನೂ ತೇಗಾನೂ ಬಸ್ಸು ಹತ್ತಿದೆವು. ಮಿಕ್ಕವರೆಲ್ಲ ದಾರಿಯಲ್ಲಿ ಹತ್ತಿಕೊಂಡರು. ಸಪೆಲೆ ಊರಿನಲ್ಲಿ ಪಂದ್ಯವಿತ್ತು. ಎಬಿಯೆರೆ ಮಾತ್ರ ಬರಲಿಲ್ಲ. ನೈರೋಬಿಗೆ ಹೋಗುವ ತಂಡದ ಪಟ್ಟಿಯಿಂದ ಕೋಚ್ ಅವಳ ಹೆಸರು ಹೊಡೆದು ಹಾಕಿದ್ದರು. ಬೀದಿಗೆ ಕೇಳುವ ಹಾಗೆ ಅವಳು ಜಗಳವಾಡಿದ್ದಳು.

ಎರಡಕ್ಕೆ ನಾನು ಬಾಗಿಲು ತೆಗೆದಾಗ ಹಲಗೆಯ ಮೇಲೆ ನಾಲ್ಕನೇ ಪದವೂ ಇತ್ತು. 'ರೀಗಲಿ', ಅಂದರೆ ರಾಜಠೀವಿಯಿಂದ. ನಾಲ್ಕರಲ್ಲಿ ಕಷ್ಟದ್ದು ಅದೇ.

"ಆಟಗಾರರೆಲ್ಲ ಬಸ್ಸಲ್ಲಿದ್ರು," ಎಂದಿದ್ದ ಇನ್ಸ್‌ಪೆಕ್ಟರ್ ದಂಜುಮಾ ಇವತ್ತು ಬೆಳಿಗ್ಗೆ. "ಊರಲ್ಲಿ ಉಳಿದಿದ್ದು ಒಬ್ಬಳು. ಆ ಪದ ಮತ್ಯಾರು ಬರೀಬೇಕು ಆಂಟಿ? ನಾನಾ?"

"ಅವಳು ತನ್ನ ಪದ ಆಗಲೇ ಬರೆದಾಗಿತ್ತು. ನಮ್ಮ ಹುಡುಗಿ ಕೊಲೆ ಮಾಡಿದ್ರೂ ಮಾಡಿಯಾಳು, ಎರಡನೇ ಪದ ಬರೆಯೋಳಲ್ಲ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಉತ್ತರದ ಕಡೆಯಿಂದ ವರ್ಗವಾಗಿ ಬಂದವನಿಗೆ ನಮ್ಮ ಹುಚ್ಚು ಅರ್ಥವಾಗುವುದಿಲ್ಲ. ಅವನನ್ನು ಬೈದು ಪ್ರಯೋಜನವಿಲ್ಲ.

ಆದರೆ ಸಂಡೆ ಎಂಬ ಗೇಟಿನ ಕಾವಲುಗಾರ ಇಬ್ಬರ ಹೆಸರು ಹೇಳಿದ್ದ. ಎಬಿಯೆರೆ ಬಂದು ಹೋದಳು, ಕ್ಲಬ್ಬಿನ ಜನರೇಟರ್ ರಿಪೇರಿಗೆ ದಾಫೆ ಬಂದಿದ್ದ, ಅಷ್ಟೇ. ಪೊಲೀಸರು ದಾಫೆಯನ್ನು ಹತ್ತೇ ನಿಮಿಷ ಕೇಳಿ ಬಿಟ್ಟುಬಿಟ್ಟರು. ಅವನಿಗೆ ಎ ಬಿ ಸಿ ಡಿಯೇ ಬರುವುದಿಲ್ಲವಂತೆ.

ಅದು ನಿಜವೋ ಸುಳ್ಳೋ ತಿಳಿಯಲು ನಾನು ಬಂದಿದ್ದೆ.

"ಹಾಗಾದ್ರೆ ಅದೃಷ್ಟಕ್ಕೇ ಬಿಡೋಣ," ಎಂದೆ. ಕೈಚೀಲದಿಂದ ಹಸಿರು ಬಟ್ಟೆಯ ಸಣ್ಣ ಚೀಲ ತೆಗೆದೆ. ಒಳಗೆ ಆಟದ ನೂರು ಬಿಲ್ಲೆಗಳು ಗಲಗಲ ಅಂದವು. "ನೀನೊಂದು ಬಿಲ್ಲೆ ತೆಗಿ, ನಾನೊಂದು ತೆಗಿತೀನಿ. ಎ ಅಕ್ಷರಕ್ಕೆ ಯಾರದ್ದು ಹತ್ತಿರವೋ ಅವರ ಮಾತು ನಡೀಲಿ."

"ನಂಗೆ ಓದಕ್ಕೆ ಬರಲ್ಲ ಆಂಟಿ."

"ನಾನು ಓದಿ ಹೇಳ್ತೀನಿ. ಸುಳ್ಳು ಹೇಳಿದ್ರೆ ನನ್ನ ನಾಲಿಗೇಲಿ ಹುಣ್ಣಾಗಲಿ. ತಗೊ."

ಈ ಚೀಲವನ್ನು ನಾನು ಎಷ್ಟೋ ಜನರ ಕೈಗೆ ಕೊಟ್ಟಿದ್ದೇನೆ. ಆಡಲು ಬಾರದವರು ಮಡಿಲಲ್ಲಿಟ್ಟುಕೊಂಡು ಬಾಯಿ ಅಗಲಿಸಿ ಒಳಗೆ ಇಣುಕುತ್ತಾರೆ. ಬೆಳಿಗ್ಗೆ ದಂಜುಮಾಗೆ ಕೊಟ್ಟಾಗ ಅರ್ಧ ಮುಖವನ್ನೇ ಒಳಗೆ ತೂರಿಸಿದ್ದ.

ದಾಫೆ ಚಿಂದಿ ಬಟ್ಟೆಗೆ ಗ್ರೀಸು ಒರೆಸಿಕೊಂಡ. ಬಲಗೈಯಲ್ಲಿ ಚೀಲ ತೆಗೆದುಕೊಂಡ. ಅದನ್ನು ಹೆಗಲಿಗಿಂತ ಮೇಲಕ್ಕೆ ಎತ್ತಿದ. ಎಡಗೈಯ ಬೆರಳು ಅಗಲಿಸಿ ಅಂಗೈಯನ್ನು ನನಗೆ ತೋರಿಸಿದ, ಆಮೇಲೆ ಅದರ ಹಿಂಬದಿಯನ್ನೂ ತೋರಿಸಿದ. ಮುಖ ತಿರುಗಿಸಿ ಹೊರಗಿನ ಮಾವಿನ ಮರ ನೋಡುತ್ತಾ ಕೈಯನ್ನು ಒಳಗೆ ಬಿಟ್ಟ.

ನಾನು ಆ ಕೈಯಿಂದ ಕಣ್ಣು ತೆಗೆಯಲಿಲ್ಲ.

ಬಿಲ್ಲೆ ನೋಡಿಕೊಂಡು ತೆಗೆದರು ಎಂಬ ಮಾತು ಬಾರದಿರಲಿ ಎಂದು ಪಂದ್ಯದ ಆಟಗಾರರು ಹೀಗೆ ಮಾಡುತ್ತಾರೆ. ಸಾವಿರ ಸಲ ಮಾಡಿದ ಕೈಗೆ ಮಾತ್ರ ಇಷ್ಟು ಸಲೀಸು ಬರುತ್ತದೆ. ಆದರೆ ಕೈಯ ಹಿಂಬದಿಯನ್ನೂ ತೋರಿಸುವವರು ಅಪರೂಪ. ಒಮ್ಮೆ ಕಳ್ಳ ಅನ್ನಿಸಿಕೊಂಡವರು ಹಾಗೆ ತೋರಿಸುತ್ತಾರೆ.

ಅವನ ಕೈ ಚೀಲದೊಳಗೇ ನಿಂತಿತು. ತಾನೇನು ಮಾಡಿದೆ ಎಂದು ಅವನಿಗೂ ಆಗಲೇ ತಿಳಿಯಿತು.

ಅವನು ಚೀಲವನ್ನು ಮೆಲ್ಲಗೆ ಇಳಿಸಿ ಜನರೇಟರಿನ ಮೇಲಿಟ್ಟ. ಎದ್ದು ಹೋಗಿ ತಗಡಿನ ಬಾಗಿಲು ಎಳೆದ. ಹೊರಗಿನ ಟ್ರಾಫಿಕ್ಕಿನ ಗಲಾಟೆ ಅರ್ಧಕ್ಕೆ ಇಳಿಯಿತು. ಅವನ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಅರವತ್ತೊಂದು ವರ್ಷದ ಹೆಂಗಸು ಒಬ್ಬಳೇ ಬಂದದ್ದು ಶುದ್ಧ ಪೆದ್ದುತನ.

"ಪ್ಲಗ್ಗಿನ ವೈರು ತಾನಾಗೇ ಬಿಚ್ಕೊಳ್ಳಲ್ಲ ಆಂಟಿ," ಎಂದ. "ಬಂದ ತಕ್ಷಣ ಗೊತ್ತಾಯ್ತು ನಂಗೆ. ಸೋಮವಾರ ಅಂದ್ರೆ ಎದ್ದು ಹೋಗ್ತೀರಿ ಅಂದ್ಕೊಂಡೆ."

"ನಾಲ್ಕನೇ ಪದ ನೀನೇ ಬರೆದದ್ದು."

ಅವನು ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ನೀನು ಯಾರೋ? ಎಲ್ಲಿ ಕಲಿತೆ ಈ ಆಟ?"

"ನನ್ನ ಗುರುತು ಸಿಗಲಿಲ್ವಾ?" ಅವನು ನಕ್ಕ. ಆ ನಗುವಿನಲ್ಲಿ ಸಂತೋಷವಿರಲಿಲ್ಲ. "ಎಂಟು ತಿಂಗಳಿಂದ ನಿಮ್ಮ ಕ್ಲಬ್ಬಿನ ಹಿತ್ತಲಲ್ಲಿ ಜನರೇಟರ್ ನೋಡ್ಕೋತಿದೀನಿ. ದಿನಾ ನಮಸ್ಕಾರ ಆಂಟಿ ಅಂತೀನಿ. ದಾಫೆ ನಮ್ಮಪ್ಪನ ಹೆಸರು. ಬೆನಿನ್ ಊರಿನ ಪಂದ್ಯದಲ್ಲಿ ನನ್ನ ಲಕ್ಕಿ ಅಂತ ಕರೀತಿದ್ರು. ಇಪ್ಪತ್ತೊಂದು ವರ್ಷ ಆಯ್ತು."

ಲಕ್ಕಿ! ಕಡ್ಡಿಯಂಥ ಹುಡುಗ. ಐದಕ್ಷರದ ಪದಗಳಲ್ಲೇ ದೊಡ್ಡ ದೊಡ್ಡವರನ್ನು ಮಣ್ಣುಮುಕ್ಕಿಸಿದ್ದ. ಫೈನಲ್ಲಿನಲ್ಲಿ ಅವನೆದುರು ಸೋಲುತ್ತಿದ್ದ ಬ್ರಿಸಿಬೆ ಕೈ ಎತ್ತಿ, ಇವನು ಚೀಲದೊಳಗೆ ಇಣುಕಿದ ಎಂದಿದ್ದರು. ಹುಡುಗನನ್ನು ಆಟದಿಂದಲೇ ಹೊರಗೆ ಹಾಕಿದರು. ಆ ಕಾಗದದ ಮೇಲೆ ತೀರ್ಪುಗಾರ್ತಿ ಅಂತ ನನ್ನ ಸಹಿಯೂ ಇತ್ತು.

"ನಾನು ಇಣುಕಿದ್ದು ನೀವು ನೋಡಿದ್ರಾ ಆಂಟಿ?"

"ಇಲ್ಲ."

"ಮತ್ತೆ?"

"ಬ್ರಿಸಿಬೆ ದೊಡ್ಡವರು ಅಂತ ಸಹಿ ಹಾಕ್ಬಿಟ್ಟೆ ಕಣಪ್ಪಾ. ನಿನ್ನ ಏನೂ ಕೇಳಲೇ ಇಲ್ಲ."

ನನಗೆ ನಾಚಿಕೆಯಾಯಿತು. ಆ ದಿನ ಅವನು ಅಳುತ್ತಾ ನಿಂತದ್ದು, ನಾನು ಊಟಕ್ಕೆ ಹೊತ್ತಾಯಿತೆಂದು ಗಡಿಯಾರ ನೋಡಿದ್ದು, ಎಲ್ಲ ಕಣ್ಣಿಗೆ ಕಟ್ಟಿತು. ಆದರೆ ನಾಚಿಕೊಂಡು ಕೂರಲು ಇದು ಹೊತ್ತಲ್ಲ.

"ಅದಕ್ಕೇ ಕೊಂದೆಯಾ?"

"ಇಲ್ಲ!" ಸ್ಪ್ಯಾನರ್ ನೆಲಕ್ಕೆ ಬಿತ್ತು. "ನಮ್ಮಮ್ಮನ ಸಮಾಧಿ ಮೇಲಾಣೆ, ನಾನು ಮುಟ್ಟಿಲ್ಲ. ಬೈಯೋಣ ಅಂತ ಎಂಟು ತಿಂಗಳು ಕಾದೆ. ಒಂದು ದಿನನೂ ಬಾಯಿ ಬರಲಿಲ್ಲ."

"ಗುರುವಾರ ಏನಾಯ್ತು? ಒಂದೂ ಬಿಡದೆ ಹೇಳು."

ಅವನು ಟೈರೊಂದರ ಮೇಲೆ ಕೂತ. "ಹನ್ನೊಂದೂಕಾಲು ಇರಬೇಕು. ಜನರೇಟರ್ ಆಯ್ತು ಅಂತ ಹೇಳಕ್ಕೆ ಒಳಗೆ ಹೋದೆ. ಕೋಚ್ ಕಿಟಕಿ ಕಡೆ ಮುಖ ಮಾಡಿ ಕೂತಿದ್ರು, ತಲೆ ಒಂದು ಕಡೆ ವಾಲಿತ್ತು. ಮಲಗಿದಾರೆ ಅಂದ್ಕೊಂಡೆ. ಹಲಗೆ ನೋಡಿದೆ. ನಾಲ್ಕು ಅಂತ ಹಾಕಿದಾರೆ, ಮೂರೇ ಇವೆ. ಖಾಲಿ ಜಾಗ ನನ್ನನ್ನೇ ನೋಡ್ತಿತ್ತು ಆಂಟಿ. ಇಪ್ಪತ್ತೊಂದು ವರ್ಷದಲ್ಲಿ ಒಂದು ಪದ ಬರೆದಿರಲಿಲ್ಲ ಯಾರೆದುರಿಗೂ."

"ಬರೆದೆ."

"ಬರೆದೆ. ಬರೆದು, 'ನೋಡಿ ಬ್ರಿಸಿಬೆ, ಚೀಲದಲ್ಲಿ ಇಣುಕದೇ ಬರೆದೆ' ಅಂತ ತಿರುಗಿದೆ. ಆಗ ಕಾಲರ್ ಮೇಲಿನ ರಕ್ತ ಕಾಣಿಸ್ತು."

ಬೇರೆ ಯಾವ ಊರಿನ ಯಾವ ಜನರೂ ಇಂಥ ತಪ್ಪು ಮಾಡುವುದಿಲ್ಲ. ಹೆಣ ಕೂತಿದ್ದ ಕೋಣೆಯಲ್ಲಿ ಇವನು ಮೊದಲು ನೋಡಿದ್ದು ಹಲಗೆಯನ್ನು. ಹೊರಗಿನವರು ನಂಬಲಿಕ್ಕಿಲ್ಲ. ನಾನು ನಂಬಿದೆ, ಯಾಕೆಂದರೆ ನಾನೂ ಹಾಗೇ ಮಾಡುತ್ತಿದ್ದೆ.

"ಅಳಿಸಿ ಬರಬಾರದಿತ್ತೇನೋ?"

"ಓಡೋದು ಬಿಟ್ಟು ಏನೂ ತೋಚಲಿಲ್ಲ."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

ಅವನು ತಲೆ ತಗ್ಗಿಸಿದ. "ಅದಕ್ಕೆ ಸ್ವಲ್ಪ ಮುಂಚೆ ಎಬಿಯೆರೆ ಅಳ್ತಾ ಗೇಟಿಂದ ಆಚೆ ಓಡಿದ್ದನ್ನ ನೋಡಿದ್ದೆ. ನಾನು ಬಾಯಿ ಬಿಟ್ರೆ ಅದನ್ನೂ ಹೇಳಬೇಕಾಗ್ತಿತ್ತು."

"ಅವಳು ನಿನಗೇನಾಗಬೇಕು?"

"ಏನೂ ಆಗಬೇಕಿಲ್ಲ. ನಾನು ಇಂಜಿನ್ ಬಿಚ್ಕೊಂಡು ಕೂತಿರ್ತಿದ್ದೆ, ಅವಳು ಪಕ್ಕದಲ್ಲಿ ಓದ್ಕೋತಿದ್ಲು. ಒಂದು ದಿನ ಏಳಕ್ಷರ ಹಿಡ್ಕೊಂಡು ಒದ್ದಾಡ್ತಿದ್ಲು, ಬಾಯಿ ತಪ್ಪಿ ಹೇಳಿಕೊಟ್ಟೆ. ಆಮೇಲೆ ಬಿಡಲೇ ಇಲ್ಲ. ದಿನಾ ರಟ್ಟಿನ ಮೇಲೆ ಇಪ್ಪತ್ತು ಪದ ಬರೆದುಕೊಡ್ತಿದ್ದೆ. ಯಾರಿಗೂ ಹೇಳಬೇಡ ಅಂದಿದ್ದೆ. ಹೇಳಲಿಲ್ಲ ನೋಡಿ, ಪೊಲೀಸರಿಗೂ ಹೇಳಲಿಲ್ಲ." ಅವನು ಕಣ್ಣೊರೆಸಿಕೊಂಡ, ಕೆನ್ನೆಗೆಲ್ಲ ಗ್ರೀಸಾಯಿತು. "ನನ್ನ ಪಪ್ಪಾ ಅಂತಾಳೆ ಆಂಟಿ."

ಈ ಮಾತಿಗೆ ನಾನು ಕರಗಿದೆ. ಆದರೆ ಕರಗಿದವಳು ಲೆಕ್ಕ ತಪ್ಪುತ್ತಾಳೆ ಎಂದು ನನಗೆ ಗೊತ್ತು.

"ಕೋಣೆಯಲ್ಲಿ ಬೇರೇನಿತ್ತು? ಕಣ್ಣು ಮುಚ್ಕೊಂಡು ನೆನಪು ಮಾಡ್ಕೊ."

"ಬಹುಮಾನದ ಕಪ್ಪು ಬಿದ್ದಿತ್ತು. ಕುರ್ಚಿ... ಎರಡು ಕುರ್ಚಿ ಎದುರುಬದುರು. ಮೇಜಿನ ಮೇಲೆ ತಟ್ಟೆ."

"ಯಾವ ತಟ್ಟೆ?"

"ಕೋಲಾ ಕಾಯಿ ತಟ್ಟೆ. ಕಾಯಿ ಒಡೆದಿತ್ತು. ಎರಡು ಚೂರು ತಿಂದಿದ್ರು."

ನಾನು ನೆಟ್ಟಗೆ ಕೂತೆ. ಎರಡಕ್ಕೆ ಬಾಗಿಲು ತೆಗೆದಾಗ ಮೇಜಿನ ಮೇಲೆ ತಟ್ಟೆ ಇರಲಿಲ್ಲ. ಪ್ರಮಾಣ ಮಾಡಿ ಹೇಳಬಲ್ಲೆ.

ಬ್ರಿಸಿಬೆ ಜಿಪುಣರಲ್ಲ, ಆದರೆ ಹಳೇ ಕಾಲದವರು. ತಾನು ಕಲಿಸುವ ಹುಡುಗಿಗಾಗಲಿ, ರಿಪೇರಿಯವನಿಗಾಗಲಿ ಅವರು ಕೋಲಾ ಒಡೆಯುವವರಲ್ಲ. ನಮ್ಮಲ್ಲಿ ಆ ಕಹಿ ಕಾಯಿಯನ್ನು ಒಡೆದು ಹಂಚಿಕೊಂಡು ತಿನ್ನುವುದು ಗೌರವದ ಅತಿಥಿಯ ಜೊತೆ ಮಾತ್ರ. ಯಾರೋ ಬಂದಿದ್ದಾರೆ, ಎದುರಿಗೆ ಕೂತು ಕೋಲಾ ತಿಂದಿದ್ದಾರೆ, ಕೊಂದಿದ್ದಾರೆ. ದಾಫೆ ಓಡಿಹೋದ ಮೇಲೆ ಮರಳಿ ಬಂದು ತಟ್ಟೆ ಎತ್ತಿಕೊಂಡು ಹೋಗಿದ್ದಾರೆ. ಮತ್ತೆ ಗೇಟಿನ ಸಂಡೆ ಇಬ್ಬರೇ ಬಂದರು ಅನ್ನುತ್ತಾನೆ!

"ಸಂಡೆ ಸುಳ್ಳು ಹೇಳಿದಾನೆ," ಎಂದೆ.

ನನ್ನ ಫೋನು ಬಡಿದುಕೊಂಡಿತು. ದಂಜುಮಾ. ಸ್ಪೀಕರಿಗೆ ಹಾಕಿದೆ.

"ಆಂಟೀ! ನಿಮಗೆ ಒಂದು ಬಾಟಲ್ ಮಾಲ್ಟ್ ಕೊಡಿಸಬೇಕು ನಾನು. ಹಲಗೆ ಫೋಟೊ ಹುಡುಗಿಗೆ ತೋರಿಸಿ, ಯಾರ ಅಕ್ಷರ ಅಂತ ಕೇಳಿ ಅಂದಿದ್ರಲ್ಲ? ಈಗ ತೋರಿಸಿದೆ."

"ಏನಂದ್ಲು?"

"ಎರಡು ದಿನದಿಂದ ನಾನಲ್ಲ ನಾನಲ್ಲ ಅಂತಿದ್ಲು. ಫೋಟೊ ಕೈಗೆ ತಗೊಂಡು ನೋಡಿದ್ಲು. ಒಂದು ಲೋಟ ನೀರು ಕೇಳಿದ್ಲು, ಕುಡಿದ್ಲು. ಆಮೇಲೆ 'ನಾನೇ ಕೊಂದೆ, ಆ ಪದನೂ ನಾನೇ ಬರೆದೆ, ಬರ್ಕೊಳ್ಳಿ' ಅಂದ್ಲು. ಸಹಿ ಹಾಕಾಯ್ತು. ಕೇಸ್ ಮುಗೀತು!"

ನಾನು ಏನು ಹೇಳಿದೆನೋ ನೆನಪಿಲ್ಲ. ಅವನು ಫೋನಿಟ್ಟ.

ಅವಳು ಆ ಬರಹವನ್ನು ದಿನಾ ರಟ್ಟಿನ ಮೇಲೆ ನೋಡಿದವಳು. ಅವಳನ್ನು ಉಳಿಸಲು ನಾನು ಹೂಡಿದ ಉಪಾಯವೇ ಅವಳನ್ನು ಮುಳುಗಿಸಿತ್ತು. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

"ಹುಚ್ಚು ಹುಡುಗಿ," ಎಂದ ದಾಫೆ. "ನಾನು ಕೊಂದಿದೀನಿ ಅಂದ್ಕೊಂಡು ತಾನು ಒಪ್ಕೊಂಡಿದಾಳೆ."

ಅವನು ಎದ್ದ. ಬಕೆಟ್ಟಿನ ನೀರಿಗೆ ಸೋಪಿನ ಪುಡಿ ಹಾಕಿ ಮೊಣಕೈವರೆಗೆ ಕೈ ತೊಳೆದ. ಮೊಳೆಗೆ ತಗುಲಿಹಾಕಿದ್ದ ಒಗೆದ ಶರ್ಟು ಹಾಕಿಕೊಂಡು ಗುಂಡಿಗಳನ್ನು ಒಂದೊಂದಾಗಿ ಹಾಕಿದ.

"ಎಲ್ಲಿಗೋ?"

"ಸ್ಟೇಷನ್ನಿಗೆ. ಕೋಚನ್ನ ಕೊಂದಿದ್ದು ನಾನು. ಹಳೇ ದ್ವೇಷ ಇತ್ತು, ಪದನೂ ನಂದೇ. ಎಲ್ಲ ಸರಿಹೋಗತ್ತೆ."

"ಈಗ ತಾನೇ ಅಮ್ಮನ ಸಮಾಧಿ ಮೇಲೆ ಆಣೆ ಇಟ್ಟೆಯಲ್ಲೋ!"

"ವಾಪಸ್ ತಗೊಂಡೆ. ನಮ್ಮಮ್ಮ ಬೇಜಾರು ಮಾಡ್ಕೊಳ್ಳಲ್ಲ."

"ಸುಳ್ಳು ಹೇಳಿ ಸಾಯಕ್ಕೆ ಹೊರಟಿದೀಯಾ? ನಾನು ಬಿಡಲ್ಲ."

"ಅವಳು ಸುಳ್ಳು ಹೇಳಿ ಸಾಯಬಹುದಾ?" ಅವನು ಮೊದಲ ಸಲ ಕೂಗಿದ. "ನಂದಂತೂ ಇಪ್ಪತ್ತೆರಡಕ್ಕೇ ಮುಗೀತು. ಅವಳಿಗಿನ್ನೂ ಹತ್ತೊಂಬತ್ತು. ಕೊಡಿ ಕೀಲಿ."

ಕೀಲಿ ಕೊಡಲಿಲ್ಲ. ಕಾರು ನಾನೇ ನಡೆಸಿದೆ. ಅವನು ಹಿಂದೆ ಕೂತ. ಎಫುರುನ್ ವೃತ್ತದಲ್ಲಿ ಸ್ಟೇಷನ್ ಎಡಕ್ಕಿದೆ. ನಾನು ಬಲಕ್ಕೆ ತಿರುಗಿಸಿದೆ.

"ಆಂಟಿ, ಸ್ಟೇಷನ್ ಆ ಕಡೆ!"

"ಬಾಯಿ ಮುಚ್ಕೊಂಡು ಕೂತ್ಕೊ. ಸಂಡೆ ಮನೆಗೆ ಹೋಗ್ತಿದೀವಿ. ಅವನ ಬಾಯಿ ಬಿಡಿಸಿ ಆಮೇಲೆ ನೀನು ಎಲ್ಲಿ ಬೇಕಾದ್ರೂ ಸಾಯಿ."

ಸಂಡೆಯ ಕೋಣೆ ಮೀನು ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿತ್ತು. ಬಾಗಿಲು ಹಾರುಹೊಡೆದಿತ್ತು. ಒಳಗೆ ಚಾಪೆಯಿಲ್ಲ, ಪಾತ್ರೆಯಿಲ್ಲ, ಗೋಡೆಯ ಕ್ಯಾಲೆಂಡರೂ ಇಲ್ಲ. ಪಕ್ಕದ ಮನೆಯ ಹೆಂಗಸು ಗೆಣಸು ಕುಟ್ಟುವುದನ್ನು ನಿಲ್ಲಿಸಿ ನಮ್ಮನ್ನು ನೋಡಿದಳು.

"ಸಂಡೆ ಎಲ್ಲಿ ತಂಗೀ?"

"ಹೋದ್ನಲ್ಲ, ಅರ್ಧ ಗಂಟೆ ಆಯ್ತು. ಹೊಸ ಸೂಟ್‌ಕೇಸು, ಹೊಸ ಶೂ! ಯಾರೋ ಕಾರ್ ತಂದು ಕರ್ಕೊಂಡು ಹೋದ್ರು."

"ಯಾರ ಕಾರು?"

"ನಿಮ್ಮೋರೇ ಅಲ್ವಾ ಆಂಟಿ? ನಿಮ್ಮ ಕಾರಿನ ಮೇಲೆ ಇದೆಯಲ್ಲ, ಆ ಕ್ಲಬ್ಬಿನ ಚೀಟಿ, ಅದೇ ಥರದ್ದು ಆ ಗಾಜಿನ ಮೇಲೂ ಇತ್ತು."

ಆ ಚೀಟಿ ಅಂಟಿಸಿದ ಕಾರುಗಳು ನಮ್ಮ ಕ್ಲಬ್ಬಿನಲ್ಲಿ ನನ್ನದು ಬಿಟ್ಟು ಐದಿವೆ. ಐದರ ಯಜಮಾನರೂ ಗುರುವಾರ ನನ್ನ ಜೊತೆ ಸಪೆಲೆಯಲ್ಲಿದ್ದರು ಎಂದು ಪೊಲೀಸರಿಗೆ ಬರೆದುಕೊಟ್ಟವಳು ನಾನೇ. ಪಂದ್ಯ ನಡೆಯುವಾಗ ನಾನು ಮೂರು ಗಂಟೆ ಕಾಲ ನಿಘಂಟಿನಿಂದ ತಲೆ ಎತ್ತಿರಲಿಲ್ಲ.

ಅವರಲ್ಲಿ ಯಾರಾದರೂ ನಡುವೆ ಎದ್ದು ಹೋಗಿ ಬಂದಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಹಿಂದೆ ದಾಫೆ ಕಾರಿನಿಂದ ಇಳಿಯದೆ, ಬೇಸರವಿಲ್ಲದ ದನಿಯಲ್ಲಿ ಕೇಳಿದ:

"ಈಗಲಾದ್ರೂ ಸ್ಟೇಷನ್ನಿಗೆ ಹೋಗೋಣ್ವಾ ಆಂಟಿ?"